ಹತ್ತು ಕಂಪ್ಯೂಟರ್, ಒಂದು ಡಾಂಗಲ್: ನಮ್ಮ ಶಾಲೆಗೆ ವಿಂಡೋಸ್ ಬಿಡಲು ಯಾಕೆ ಆಗುತ್ತಿಲ್ಲ?

ಚಳ್ಳಕೆರೆ ಮೇಷ್ಟ್ರು · ಶನಿವಾರ ಮಧ್ಯಾಹ್ನ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವನು. ಒಂದು ಸಲ ಹೆಡ್‌ಮಾಸ್ಟರ್ ಎದುರಿಗೆ ಪ್ರಿಂಟರ್‌ನಲ್ಲಿ ಸಿಕ್ಕಿಕೊಂಡ ಹಾಳೆ ತೆಗೆದಿದ್ದೆ. ಅವತ್ತಿನಿಂದ ಲ್ಯಾಬ್ ನನ್ನ ತಲೆಗೆ ಬಂದಿದೆ. ಹತ್ತು ಕಂಪ್ಯೂಟರ್ ಇವೆ. ಎಲ್ಲವೂ ನಾಲ್ಕನೇ ಜನರೇಷನ್ ಐ3, 4 ಜಿಬಿ ರ್‍ಯಾಮ್, ವಿಂಡೋಸ್ 10. ಅದಕ್ಕೆ 2025ರ ಅಕ್ಟೋಬರ್ 14ಕ್ಕೆ ಅಪ್‌ಡೇಟ್ ನಿಂತಿದೆ. ವಿಂಡೋಸ್ 11 ಹಾಕೋಣ ಎಂದರೆ ಎಂಟನೇ ಜನರೇಷನ್ ಪ್ರೊಸೆಸರ್ ಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ನಮ್ಮ ಯಂತ್ರಗಳಿಗೆ ಆ ಯೋಗ ಇಲ್ಲ. ಆದರೆ ಒಂದೂ ಕೆಟ್ಟಿಲ್ಲ, ಚೆನ್ನಾಗಿ ಓಡುತ್ತಿವೆ.

ಇವತ್ತು ಬೆಳಗಿನ ಶಾಲೆ. ಮಕ್ಕಳು ಹೋದ ಮೇಲೆ ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಉಬುಂಟು ಲಿನಕ್ಸ್ ಇರುವ ಪೆನ್‌ಡ್ರೈವ್ ಚುಚ್ಚಿಕೊಂಡು ಕೂತೆ. ಇನ್‌ಸ್ಟಾಲ್ ಒತ್ತುವ ಮುಂಚೆ ಒಂದು ಹಾಳೆ ತೆಗೆದುಕೊಂಡು, ಇದನ್ನು ಅಳಿಸಿದರೆ ಏನೇನು ಹೋಗುತ್ತದೆ ಎಂದು ಬರೆಯುತ್ತಾ ಹೋದೆ. ಬರೆದು ಮುಗಿಸಿದಾಗ ಕೈ ನಿಂತುಬಿಟ್ಟಿತು.

ಮೊದಲನೆಯದು ಸ್ಮಾರ್ಟ್ ಕ್ಲಾಸ್. ಏಳೆಂಟು ವರ್ಷದ ಹಿಂದೆ ದಾನಿಗಳೊಬ್ಬರು ಕೊಡಿಸಿದ್ದು. 8, 9, 10ನೇ ತರಗತಿಯ ಗಣಿತ ಮತ್ತು ವಿಜ್ಞಾನ, ಪೂರ್ತಿ ಕನ್ನಡದಲ್ಲಿದೆ. ಪಾಠ ನಿಜಕ್ಕೂ ಚೆನ್ನಾಗಿದೆ, ಸುಮ್ನೆ ಹೇಳುತ್ತಿಲ್ಲ. ಆದರೆ ಸಿಪಿಯು ಹಿಂದೆ ಒಂದು ಡಾಂಗಲ್, ಅಂದರೆ ತಂತ್ರಾಂಶದ ಬೀಗ ತೆರೆಯುವ ಕೀಲಿಯಂಥ ಪುಟ್ಟ ಸಾಧನ, ಚುಚ್ಚಿರಬೇಕು. ಹೆಬ್ಬೆರಳಿನಷ್ಟು ಉದ್ದ, ತುದಿಯಲ್ಲಿ ಕೆಂಪು ದೀಪ. ಕಿತ್ತರೆ ಪಾಠ ಅಲ್ಲೇ ನಿಲ್ಲುತ್ತದೆ. ಸಂಜೆ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಹೋಗುತ್ತೇನೆ. ಬಿಸಿಯೂಟದ ಬೇಳೆ ಮೂಟೆಗೂ ನಮ್ಮಲ್ಲಿ ಇಷ್ಟು ಕಾವಲಿಲ್ಲ. ಮಾರಿದ ಕಂಪನಿಯ ಫೋನ್ ಎರಡು ವರ್ಷದಿಂದ ಅಸ್ತಿತ್ವದಲ್ಲಿಲ್ಲ.

ಎರಡನೆಯದು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲುಗಳು. ಹನ್ನೆರಡು ವರ್ಷದ ಪ್ರಶ್ನೆಪತ್ರಿಕೆ, ಫಲಿತಾಂಶ ಪಟ್ಟಿ, ಬಿಇಒ ಕಚೇರಿಗೆ ಬರೆದ ಪತ್ರ, ಎಲ್ಲವೂ ಹಳೆಯ ನುಡಿ ಫಾಂಟಿನಲ್ಲಿ. ಮೂರನೆಯದು ಆಫೀಸಿನ ಪ್ರಿಂಟರ್.

ಉಬುಂಟು ಹಾಕುವುದು ಹೇಗೆ ಎಂದು ಕೇಳುತ್ತಿಲ್ಲ. ಶಿಕ್ಷಕರಿಗೆ ಸರ್ಕಾರ ಕೊಡುವ ಟಾಲ್ಪ್ ಕಂಪ್ಯೂಟರ್ ತರಬೇತಿಯಲ್ಲಿ ಅದೆಲ್ಲ ಕಲಿತಿದ್ದೇನೆ, ಗಣಿತ ಕಲಿಸುವ ಜಿಯೋಜೀಬ್ರಾ ತಂತ್ರಾಂಶ ಕೈಗೆ ಹತ್ತಿದ್ದೂ ಅಲ್ಲೇ. ನನ್ನ ಪ್ರಶ್ನೆ ಬೇರೆ. ನಮ್ಮ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ನಡಾವಳಿ ಪುಸ್ತಕದಲ್ಲಿ ಎರಡು ಫ್ಯಾನ್ ಕೊಂಡಿದ್ದಕ್ಕೂ ಠರಾವು ಇದೆ. ‘ನಮ್ಮ ಶಾಲೆಗೆ ವಿಂಡೋಸ್ ಬೇಕು’ ಎಂದು ಯಾರೂ ಯಾವತ್ತೂ ಠರಾವು ಮಾಡಿಲ್ಲ. ಹಾಗಿದ್ದರೂ ಬಿಡಲು ಆಗುತ್ತಿಲ್ಲ. ಹೇಗೆ ಬಂದು ಸಿಕ್ಕಿಕೊಂಡೆವು?

ಪೆಂಗ್ವಿನ್ ರಂಗ · ಶನಿವಾರ ಸಂಜೆ

ಸರ್, ಯೋಚನೆ ಮಾಡುತ್ತಾ ಕೂತರೆ ಇನ್ನೂ ಹತ್ತು ವರ್ಷ ಹೀಗೇ ಹೋಗುತ್ತದೆ. ಹತ್ತರಲ್ಲೂ ಅಳಿಸಿ ಹಾಕಿ. ಕೇಂದ್ರ ಸರ್ಕಾರದ 2012ರ ಶಾಲಾ ಐಸಿಟಿ (ಕಂಪ್ಯೂಟರ್ ಶಿಕ್ಷಣ) ನೀತಿಯಲ್ಲೇ ಮುಕ್ತ ತಂತ್ರಾಂಶಕ್ಕೆ, ಅಂದರೆ ಯಾರು ಬೇಕಾದರೂ ಬಳಸಿ ಹಂಚಬಹುದಾದ ತಂತ್ರಾಂಶಕ್ಕೆ, ಆದ್ಯತೆ ಎಂದು ಬರೆದಿದೆ. ಓಎಸ್‌ಗೂ, ಅಂದರೆ ವಿಂಡೋಸ್, ಉಬುಂಟುವಿನಂತೆ ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶಕ್ಕೂ, ಅದು ಅನ್ವಯ. ಯಾರಾದರೂ ಕೇಳಿದರೆ ಅದನ್ನು ತೋರಿಸಿ. ಸ್ಮಾರ್ಟ್ ಕ್ಲಾಸ್ ತಂತ್ರಾಂಶಕ್ಕೆ ವೈನ್ ಎಂಬ ಪ್ರೋಗ್ರಾಂ ಹಾಕಿ ನೋಡಿ, ಲಿನಕ್ಸ್‌ನಲ್ಲೂ ಎಷ್ಟೋ ವಿಂಡೋಸ್ ಪ್ರೋಗ್ರಾಂಗಳು ಅದರಲ್ಲಿ ಓಡುತ್ತವೆ.

ಚಳ್ಳಕೆರೆ ಮೇಷ್ಟ್ರು · ಶನಿವಾರ ರಾತ್ರಿ

ರಂಗಣ್ಣ, ‘ಲ್ಯಾಬಿಗೆ ವೈನ್ ಹಾಕಿದ್ದೇನೆ’ ಎಂದು ಹೆಡ್‌ಮಾಸ್ಟರಿಗೆ ಹೇಳುವ ಕಷ್ಟ ನಿಮಗೇನು ಗೊತ್ತು!

ಮನೆಯ ಲ್ಯಾಪ್‌ಟಾಪಿನಲ್ಲಿ ಪ್ರಯತ್ನ ಮಾಡಿದೆ. ಮೊದಲ ಪರದೆ ಬಂತು, ಕಂಪನಿಯ ಸಂಗೀತವೂ ಬಂತು. ಆಮೇಲೆ ‘ಕೀ ಸಿಕ್ಕಿಲ್ಲ’ ಎಂಬ ಪೆಟ್ಟಿಗೆ. ಡಾಂಗಲ್ ಚುಚ್ಚಿದ್ದೇನೆ, ಕೆಂಪು ದೀಪ ಉರಿಯುತ್ತಿದೆ, ಆದರೂ ಸಿಕ್ಕಿಲ್ಲವಂತೆ.

ದಾವಣಗೆರೆ ರಿಪೇರಿ · ಭಾನುವಾರ ಬೆಳಿಗ್ಗೆ

ಮೇಷ್ಟ್ರೇ, ಡಾಂಗಲ್‌ಗೆ ಅದರದೇ ಡ್ರೈವರ್, ಅಂದರೆ ಕಂಪ್ಯೂಟರಿಗೆ ಅದನ್ನು ಗುರುತಿಸಿಕೊಡುವ ಪ್ರೋಗ್ರಾಂ, ಬೇಕು. ನಿಮ್ಮ ಸಿಡಿಯಲ್ಲಿರುವುದು ವಿಂಡೋಸಿನ ಡ್ರೈವರ್. ವೈನ್ ಅಲ್ಲಿವರೆಗೆ ಇಳಿಯುವುದಿಲ್ಲ. ಸುಮ್ನೆ ನಿದ್ದೆ ಕೆಡಿಸಿಕೊಳ್ಳಬೇಡಿ.

ಇನ್ನು ಹೇಗೆ ಸಿಕ್ಕಿಕೊಂಡೆವು ಎಂದು ಕೇಳಿದಿರಿ. ಒಂದು ಪಾಲು ನನ್ನಂಥವರದ್ದೂ ಇದೆ, ಬೈಯಬೇಡಿ. ಹದಿನೈದು ವರ್ಷದಿಂದ ಅಂಗಡಿ ಇಟ್ಟಿದ್ದೇನೆ. ಶಾಲೆಯಿಂದ ಕಂಪ್ಯೂಟರ್ ತಂದವರು ‘ಫಾರ್ಮ್ಯಾಟ್ ಮಾಡಿಕೊಡಿ’ ಎನ್ನುತ್ತಾರೆ. ಯಾವ ಓಎಸ್ ಎಂದು ಅವರು ಹೇಳುವುದಿಲ್ಲ, ನಾನು ಕೇಳುವುದೂ ಇಲ್ಲ. ಫಾರ್ಮ್ಯಾಟ್ ಎಂದರೆ ವಿಂಡೋಸ್, ಆಫೀಸ್, ನುಡಿ, ವಿಎಲ್‌ಸಿ, ಕ್ರೋಮ್. ಎಲ್ಲವೂ ಒಂದೇ ಪೆನ್‌ಡ್ರೈವಿನಿಂದ. ಲೈಸೆನ್ಸ್ ಎಲ್ಲಿಂದ ಬಂತು ಎಂದು ಮಾತ್ರ ಕೇಳಬೇಡಿ.

ಒಂದು ಸಲ ಒಂದು ಶಾಲೆಯವರು ಆರು ಹೊಸ ಲ್ಯಾಪ್‌ಟಾಪ್ ಹೊತ್ತು ತಂದರು. ‘ಎಲ್ಲವೂ ಕೆಟ್ಟಿವೆ, ಸ್ಟಾರ್ಟ್ ಬಟನ್ನೇ ಇಲ್ಲ’ ಅಂದರು. ತೆಗೆದು ನೋಡಿದರೆ ಉಬುಂಟು. ಏನೂ ಕೆಟ್ಟಿರಲಿಲ್ಲ. ಲಿಬ್ರೆ ಆಫೀಸ್, ಜಿಯೋಜೀಬ್ರಾ ಎಲ್ಲ ಸೊಗಸಾಗಿ ಹಾಕಿಕೊಟ್ಟಿದ್ದರು. ಅಳಿಸಿ ವಿಂಡೋಸ್ ಹಾಕಿದೆ, ಒಂದಕ್ಕೆ 300 ರೂಪಾಯಿ. ಅವತ್ತು ಒಳ್ಳೆ ವ್ಯಾಪಾರ ಆಯಿತು ಅಂದುಕೊಂಡಿದ್ದೆ. ಈಗ ನೆನೆಸಿಕೊಂಡರೆ ಸ್ವಲ್ಪ ಒಂಥರಾ ಆಗುತ್ತದೆ.

ಪೆಂಗ್ವಿನ್ ರಂಗ · ಭಾನುವಾರ ಬೆಳಿಗ್ಗೆ

ರಿಪೇರಿ ಅಣ್ಣ ಹೇಳಿದ್ದೇ ಮುಖ್ಯ. ಕಳ್ಳ ಕಾಪಿ ಹರಡಿದರೆ ಕಂಪನಿಗೆ ನಷ್ಟ ಎಂದು ನಾವು ತಿಳಿದುಕೊಂಡಿದ್ದೇವೆ. ಚೀನಾದಲ್ಲಿ ಜನ ತಂತ್ರಾಂಶ ಕದಿಯುವ ಬಗ್ಗೆ 1998ರಲ್ಲಿ ಬಿಲ್ ಗೇಟ್ಸ್ ಆಡಿದ ಮಾತು ನೆನಪಿದೆಯಾ? ಹೇಗೂ ಕದಿಯುವುದಾದರೆ ನಮ್ಮದನ್ನೇ ಕದಿಯಲಿ, ಅಭ್ಯಾಸ ಆಗುತ್ತದೆ, ಮುಂದೆ ದುಡ್ಡು ವಸೂಲಿ ಮಾಡುವ ದಾರಿ ಹುಡುಕೋಣ ಎನ್ನುವ ಅರ್ಥದ್ದು. ಆ 300 ರೂಪಾಯಿಯ ಫಾರ್ಮ್ಯಾಟ್ ಅದೇ ಕೆಲಸ ಮಾಡಿದೆ.

ಕಾಸರಗೋಡಿನ ಟೀಚರ್ · ಭಾನುವಾರ ಮಧ್ಯಾಹ್ನ

ನಮ್ಮ ಕಡೆಯ ಕಥೆ ಹೇಳುತ್ತೇನೆ ಮಾರಾಯ್ರೇ. ನಮ್ಮದು ಕನ್ನಡ ಮಾಧ್ಯಮ ಶಾಲೆ, ಸರ್ಕಾರ ಮಾತ್ರ ಕೇರಳದ್ದು. ಐಸಿಟಿ ಪುಸ್ತಕ ಕನ್ನಡದಲ್ಲೇ ಬರುತ್ತದೆ.

ಇಲ್ಲಿ ಐಟಿ@ಸ್ಕೂಲ್ ಯೋಜನೆ 2001ರಲ್ಲಿ ಶುರುವಾಯಿತು. ಮೊದಮೊದಲು ಇಲ್ಲಿಯೂ ವಿಂಡೋಸೇ ಇತ್ತು. ಆಮೇಲೆ ಟೀಚರ್‌ಗಳ ಕಡೆಯಿಂದ, ಮುಕ್ತ ತಂತ್ರಾಂಶದವರ ಕಡೆಯಿಂದ ಗಲಾಟೆ ಆಗಿ ಲಿನಕ್ಸ್ ಬಂತು. ಈಗ ಕೈಟ್ ಎಂಬ ಸರ್ಕಾರಿ ಸಂಸ್ಥೆಯೇ ಉಬುಂಟುವಿನಿಂದ ಶಾಲೆಗೆಂದು ಓಎಸ್ ಕಟ್ಟಿ ಕೊಡುತ್ತದೆ. ಚಿತ್ರಕ್ಕೆ ಇಂಕ್‌ಸ್ಕೇಪ್, ಜಿಂಪ್, ನಕ್ಷೆಗೆ ಕ್ಯೂಜಿಐಎಸ್, ಮತ್ತೆ ಜಿಯೋಜೀಬ್ರಾ ಎಲ್ಲ ಅದರೊಳಗೇ ಇರುತ್ತದೆ. ನಮ್ಮ ಹತ್ತನೇ ತರಗತಿ ಮಕ್ಕಳು ಕ್ಯೂಜಿಐಎಸ್‌ನಲ್ಲಿ ನಕ್ಷೆ ಮಾಡುತ್ತಾರೆ.

ಆದರೆ ಲಿನಕ್ಸ್ ನಿಂತದ್ದು ಯಾಕೆ ಗೊತ್ತುಂಟಾ? ಎಸ್ಸೆಸ್ಸೆಲ್ಸಿಯಲ್ಲಿ ಐಟಿ ಪ್ರಾಕ್ಟಿಕಲ್ ಪರೀಕ್ಷೆ ಉಂಟು. ಅದನ್ನೇ ಲಿನಕ್ಸ್ ಮೇಲೆ ಮಾಡಿದರು. ಪುಸ್ತಕ, ತರಬೇತಿ, ಪರೀಕ್ಷೆ ಮೂರೂ ಒಂದೇ ಕಡೆಗೆ ಎಳೆದವು. ನಿಮ್ಮಲ್ಲಿ ತರಬೇತಿ ಉಬುಂಟುವಿನಲ್ಲಿ ಆಗುತ್ತದೆ, ದಾನಿಗಳ ಪಾಠ ವಿಂಡೋಸ್‌ನಲ್ಲಿ ಬರುತ್ತದೆ, ಆಫೀಸಿನ ಪತ್ರ ನುಡಿಯಲ್ಲಿ ಹೋಗುತ್ತದೆ. ಮೇಷ್ಟ್ರು ಒಬ್ಬರೇ ಎಷ್ಟು ಎಳೆಯುವುದು?

ಡೆಬಿಟ್ ಕ್ರೆಡಿಟ್ · ಭಾನುವಾರ ರಾತ್ರಿ

ಟೀಚರ್ ಅವರ ಮಾತಿಗೆ ಅಡ್ಡ ಬರುತ್ತಿದ್ದೇನೆ, ಕ್ಷಮಿಸಿ. ನಾನು ಪಿಯು ಕಾಲೇಜಿನಲ್ಲಿ ಕಾಮರ್ಸ್ ಲೆಕ್ಚರರ್.

ಲಿನಕ್ಸಿನಿಂದ ಕೇರಳಕ್ಕೆ 3000 ಕೋಟಿ ಉಳಿತಾಯ ಎಂದು 2019ರಲ್ಲಿ ಎಲ್ಲ ಪೇಪರಿನಲ್ಲೂ ಬಂತು. 2 ಲಕ್ಷ ಕಂಪ್ಯೂಟರ್, ಒಂದಕ್ಕೆ 1.5 ಲಕ್ಷ ರೂಪಾಯಿಯ ತಂತ್ರಾಂಶ ಎಂದು ಹಿಡಿದ ಲೆಕ್ಕ ಅದು. ಯಾವ ಶಾಲೆ ಕಂಪ್ಯೂಟರಿನ ಬೆಲೆಗಿಂತ ಮೂರು ನಾಲ್ಕು ಪಟ್ಟು ಕೊಟ್ಟು ತಂತ್ರಾಂಶ ಕೊಳ್ಳುತ್ತಿತ್ತು ಹೇಳಿ? ಖರ್ಚು ಮಾಡದೇ ಇದ್ದ ದುಡ್ಡನ್ನು ಉಳಿತಾಯ ಎಂದು ಬರೆದುಕೊಂಡರೆ ನಮ್ಮ ಆಡಿಟರ್ ಒಪ್ಪುವುದಿಲ್ಲ. ವಿಂಡೋಸ್ 10ಕ್ಕೆ ಮುಂದಿನ ಅಪ್‌ಡೇಟ್ ಬೇಕಿದ್ದರೆ ಶಿಕ್ಷಣ ಸಂಸ್ಥೆಗಳಿಗೆ ಯಂತ್ರಕ್ಕೆ ಮೊದಲ ವರ್ಷ 1 ಡಾಲರ್, ಆಮೇಲೆ 2, ಆಮೇಲೆ 4. ಹತ್ತು ಯಂತ್ರಕ್ಕೆ ಇದೇನು ಮಹಾ ಅಲ್ಲ.

ಇನ್ನೊಂದು ಮಾತು. ನಮ್ಮ ಮಕ್ಕಳು ಬಿಕಾಂ ಮುಗಿಸಿ ಹೋಗುವುದು ಆಡಿಟರ್ ಆಫೀಸಿಗೆ, ಅಡಿಕೆ ಮಂಡಿಗೆ, ಬಟ್ಟೆ ಅಂಗಡಿಗೆ. ಎಲ್ಲಾ ಕಡೆ ಲೆಕ್ಕಪತ್ರಕ್ಕೆ ಟ್ಯಾಲಿ. ನಮ್ಮ ಬೆಂಗಳೂರಿನದೇ ಕಂಪನಿ, ಆದರೆ ಪ್ರೋಗ್ರಾಂ ವಿಂಡೋಸ್‌ಗೆ ಮಾತ್ರ. ಲ್ಯಾಬಿನಲ್ಲಿ ನಾವು ಲೈಸೆನ್ಸ್ ಇಲ್ಲದೆ ಕಲಿಯಲು ಕೊಡುವ ಎಜುಕೇಷನಲ್ ಮೋಡ್‌ನಲ್ಲಿ ಕಲಿಸುತ್ತೇವೆ. ಅದರಲ್ಲಿ ತಿಂಗಳ 1, 2, 31ನೇ ತಾರೀಖಿಗೆ ಮಾತ್ರ ವೋಚರ್ ಹಾಕಲು ಬಿಡುತ್ತದೆ. ಹಾಗಾಗಿ ನಮ್ಮ ಮಕ್ಕಳ ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಊರಿನ ವ್ಯಾಪಾರವೆಲ್ಲ 1 ಮತ್ತು 2ನೇ ತಾರೀಖಿಗೇ ಮುಗಿದುಹೋಗುತ್ತದೆ! ನಗು ಬರುತ್ತದೆ, ಆದರೆ ಕೆಲಸ ಸಿಗುವುದು ಅದರಿಂದಲೇ.

ಕಾಸರಗೋಡಿನ ಟೀಚರ್ · ಭಾನುವಾರ ರಾತ್ರಿ

3000 ಕೋಟಿಯ ಲೆಕ್ಕ ನನಗೂ ಅಷ್ಟು ಪಥ್ಯ ಆಗಲಿಲ್ಲ ಸರ್. ಅದನ್ನು ಬಿಡಿ. ಆದರೆ ಇಲ್ಲಿನ ಪ್ಲಸ್ ಟೂ ಕಾಮರ್ಸಿನವರು ಲೆಕ್ಕಪತ್ರಕ್ಕೆ ಗ್ನೂಖಾತಾ ಕಲಿಯುತ್ತಾರೆ. ಮುಕ್ತ ತಂತ್ರಾಂಶ, ನಮ್ಮ ದೇಶದಲ್ಲೇ ಮಾಡಿದ್ದು. ಅದರಲ್ಲಿ ಮೂವತ್ತು ದಿನವೂ ವ್ಯಾಪಾರ ಮಾಡಬಹುದು!

ಡೆಬಿಟ್ ಕ್ರೆಡಿಟ್ · ಭಾನುವಾರ ರಾತ್ರಿ

ಒಪ್ಪಿದೆ. ಆದರೆ ಒಂದು ಕೇಳುತ್ತೇನೆ. ನಿಮ್ಮ ಪರೀಕ್ಷೆಯ ತಂತ್ರಾಂಶ ಕೈಟ್‌ನ ಲಿನಕ್ಸ್ ಮೇಲೇ ಓಡಬೇಕು ತಾನೇ? ಅದೂ ಒಂದೇ ಓಎಸ್ಸಿಗೆ ಕಟ್ಟಿಹಾಕಿದ ಹಾಗೇ ಆಯಿತಲ್ವಾ? ಹಗ್ಗ ಬೇರೆ, ಗೂಟ ಅದೇ.

ಕಾಸರಗೋಡಿನ ಟೀಚರ್ · ಸೋಮವಾರ ಬೆಳಿಗ್ಗೆ

ರಾತ್ರಿ ಇದನ್ನೇ ಯೋಚನೆ ಮಾಡಿದೆ. ಹೌದು, ಕಟ್ಟಿದ್ದೇ. ಇಲ್ಲ ಎನ್ನುವುದಿಲ್ಲ. ಮನೆಯಲ್ಲಿ ವಿಂಡೋಸ್ ಇರುವ ಮಕ್ಕಳಿಗೆ ಪರೀಕ್ಷೆ ಮೊದಲು ಅಭ್ಯಾಸ ಮಾಡಲು ಕಷ್ಟ ಆಗುತ್ತದೆ.

ಆದರೆ ಒಂದು ವ್ಯತ್ಯಾಸ ಉಂಟು. ಕಳೆದ ವರ್ಷ ಒಬ್ಬ ಹುಡುಗ, ಅಪ್ಪ ಮೀನು ಮಾರುವವರು, ಯಾರೋ ಬಿಸಾಡಿದ ಹಳೆಯ ಕಂಪ್ಯೂಟರ್ ಮನೆಗೆ ತಂದಿದ್ದ. ‘ಟೀಚರ್, ಶಾಲೆಯದ್ದನ್ನೇ ನಮ್ಮ ಮನೆಗೆ ಹಾಕಬಹುದಾ?’ ಎಂದು ಕೇಳಿದ. ಪೆನ್‌ಡ್ರೈವ್ ಕೊಟ್ಟು ಕಳಿಸಿದೆ. ಯಾರ ಒಪ್ಪಿಗೆಯೂ ಬೇಕಾಗಲಿಲ್ಲ, ಕಳ್ಳತನವೂ ಆಗಲಿಲ್ಲ. ಮೇಷ್ಟ್ರು ಆ ಡಾಂಗಲನ್ನು ಹಾಗೆ ಯಾರಿಗಾದರೂ ಕೊಟ್ಟು ಕಳಿಸಬಹುದಾ?

ಹಾಸನದ ಸಹನಾ · ಸೋಮವಾರ ಸಂಜೆ

ನಾನು ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿದವಳು. ಕಾಮರ್ಸ್ ಸರ್ ಟ್ಯಾಲಿ ಬಗ್ಗೆ ಹೇಳಿದ್ದಕ್ಕೆ ನನ್ನದೂ ಒಂದು ಸೇರಿಸುತ್ತೇನೆ.

ನಮಗೆ ಸಿ++ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸಿದ್ದು ಟರ್ಬೊ ಸಿ++ ಎಂಬ ಪ್ರೋಗ್ರಾಂನಲ್ಲಿ. ನೀಲಿ ಪರದೆ, ಹಳದಿ ಅಕ್ಷರ. ಡಾಸ್ ಎಂಬ ಹಳೆಯ ಓಎಸ್ಸಿಗೆ 1990ರ ದಶಕದ ಶುರುವಿನಲ್ಲಿ ಮಾಡಿದ ಪ್ರೋಗ್ರಾಂ ಅದು. 64 ಬಿಟ್ ವಿಂಡೋಸ್‌ನಲ್ಲಿ ಅದು ಓಡುವುದೇ ಇಲ್ಲ. ಅದಕ್ಕೇ ಡಾಸ್‌ಬಾಕ್ಸ್ ಎಂಬ ಇನ್ನೊಂದು ಪ್ರೋಗ್ರಾಂ ಹಾಕಿ, ಅದರ ಹೊಟ್ಟೆಯೊಳಗೆ ಟರ್ಬೊ ಓಡಿಸುತ್ತಿದ್ದೆವು. ಪ್ರತಿ ಪ್ರೋಗ್ರಾಂ ಶುರುವಿನಲ್ಲಿ ‘ಕೊನಿಯೊ’ ಹೆಡರ್, ಆಮೇಲೆ ಪರದೆ ಒರೆಸುವ ಸಾಲು, ಕೊನೆಯಲ್ಲಿ ‘ಗೆಟ್‌ಚ್’. ಪರದೆ ಒರೆಸುವ ಸಾಲು ಬಿಟ್ಟರೆ ಮಾರ್ಕ್ಸ್ ಕಟ್. ಸಿ++ ಎಂದರೆ ಇದೇ ಎಂದು ನಂಬಿದ್ದೆ.

ಇಂಜಿನಿಯರಿಂಗ್ ಸೇರಿದ ಮೊದಲ ವಾರ ಲಿನಕ್ಸ್ ಲ್ಯಾಬ್. ಬಾಯಿಪಾಠ ಮಾಡಿದ್ದನ್ನು ಟೈಪ್ ಮಾಡಿದೆ, ‘ಕೊನಿಯೊ ಎಂಬ ಫೈಲೇ ಇಲ್ಲ’ ಎಂದು ಬಂತು. ಭಾಷೆಯೇ ಮರೆತುಹೋಯಿತೇನೋ ಎಂದು ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿದ್ದ ಸೀನಿಯರ್ ಅಕ್ಕ ಬಂದು ಮೂರು ಸಾಲು ಅಳಿಸಿದಳು, ಓಡಿತು. ಅವು ಭಾಷೆಗೆ ಸೇರಿದ ಸಾಲುಗಳೇ ಅಲ್ಲ. ಆ ಒಂದು ಹಳೆಯ ಪ್ರೋಗ್ರಾಮಿನ ಸಾಲುಗಳು.

ಇದರಲ್ಲಿ ವಿಂಡೋಸಿನ ತಪ್ಪು ಏನೂ ಇಲ್ಲ, ಹೇಳಬೇಕೆಂದರೆ ಡಾಸ್‌ಬಾಕ್ಸ್ ಲಿನಕ್ಸ್‌ನಲ್ಲೂ ಇದೆ. ಕಲಿಸುವುದು ಒಂದು ಪ್ರೋಗ್ರಾಮಿಗೆ ಅಂಟಿಕೊಂಡುಬಿಟ್ಟಿತು, ಅಷ್ಟೇ. ಪ್ರಶ್ನೆಪತ್ರಿಕೆ ಅದನ್ನೇ ಕೇಳುತ್ತದೆ, ಗೈಡ್ ಅದನ್ನೇ ಬರೆಯುತ್ತದೆ, ಲ್ಯಾಬ್ ಅದನ್ನೇ ಹಾಕುತ್ತದೆ. ಈಗ ಪೈಥಾನ್ ಬಂದಿದೆಯಂತೆ. ಸದ್ಯ.

ಕಿವಿಯಲ್ಲಿ ಓದುವವನು · ಮಂಗಳವಾರ

ನನಗೆ ಕಣ್ಣು ಕಾಣುವುದಿಲ್ಲ. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಈ ಚರ್ಚೆಯನ್ನೂ ಪರದೆಯ ಬರಹವನ್ನು ಗಟ್ಟಿಯಾಗಿ ಓದುವ ಸ್ಕ್ರೀನ್ ರೀಡರ್‌ನಿಂದಲೇ ಕೇಳಿಸಿಕೊಂಡೆ.

ರಂಗ ಅವರೇ, ‘ಹತ್ತರಲ್ಲೂ ಅಳಿಸಿ’ ಎಂದಿರಲ್ಲ, ಆ ಹತ್ತರಲ್ಲಿ ಒಂದು ನನ್ನಂಥವನದ್ದಾಗಿದ್ದರೆ? ನಾನು ಬಳಸುವುದು ಎನ್‌ವಿಡಿಎ. ಅದು ಪಕ್ಕಾ ಮುಕ್ತ ತಂತ್ರಾಂಶ, ಒಂದು ಪೈಸೆ ಕೊಡಬೇಕಾಗಿಲ್ಲ. ಈಸ್ಪೀಕ್ ದನಿಯಲ್ಲಿ ಕನ್ನಡ ಓದುತ್ತದೆ. ಆದರೆ ಓಡುವುದು ವಿಂಡೋಸ್‌ನಲ್ಲಿ ಮಾತ್ರ. ಲಿನಕ್ಸ್‌ನಲ್ಲಿ ಆರ್ಕಾ ಇದೆ, ಬಳಸಿ ನೋಡಿದ್ದೇನೆ. ಆದರೆ ನಮ್ಮ ತರಬೇತಿ, ನಮ್ಮ ವಾಟ್ಸಾಪ್ ಗುಂಪು, ಒಬ್ಬರಿಗೊಬ್ಬರು ಹೇಳಿಕೊಡುವ ಶಾರ್ಟ್‌ಕಟ್ ಕೀಗಳು ಎಲ್ಲವೂ ಎನ್‌ವಿಡಿಎಯದ್ದೇ. ಬೆರಳುಗಳಿಗೆ ಅಭ್ಯಾಸ ಆಗಿರುವುದು ಅದೇ.

ಮುಕ್ತ ತಂತ್ರಾಂಶವೂ ಒಂದೇ ಓಎಸ್ಸಿಗೆ ಕಟ್ಟಿಹಾಕಬಹುದು ಎನ್ನುವುದಕ್ಕೆ ನಾನೇ ಸಾಕ್ಷಿ. ಶಾಲೆಯಲ್ಲಿ ಒಂದು ಯಂತ್ರವಾದರೂ ನಮಗೆ ಬಿಡಿ.

ಪೆಂಗ್ವಿನ್ ರಂಗ · ಮಂಗಳವಾರ

ಸರ್, ನಿಮ್ಮ ಮಾತು ತಲೆಗೆ ಹೊಳೆದಿರಲಿಲ್ಲ. ‘ಹತ್ತರಲ್ಲೂ’ ಎಂಬುದನ್ನು ವಾಪಸ್ ತೆಗೆದುಕೊಂಡೆ.

ಈಗ ಎಲ್ಲರ ಮಾತು ಓದಿದ ಮೇಲೆ ಮೇಷ್ಟ್ರ ಪ್ರಶ್ನೆಗೆ ನನಗೆ ಅನ್ನಿಸಿದ್ದು ಇದು. ಓಎಸ್ ನಮ್ಮನ್ನು ಹಿಡಿದಿಲ್ಲ, ಪಾಠ ಹಿಡಿದಿದೆ. ಉದಾಹರಣೆಗೆ ವಿಜ್ಞಾನ ಪಾಠದ ಕಣ್ಣಿನ ರಚನೆಯ ವಿಡಿಯೊ ಒಂದು ಮಾಮೂಲಿ ಎಂಪಿ4 ಫೈಲ್ ಆಗಿದ್ದರೆ ವಿಂಡೋಸ್, ಲಿನಕ್ಸ್, ಮೇಷ್ಟ್ರ ಮೊಬೈಲು, ಎಲ್ಲದರಲ್ಲೂ ಓಡುತ್ತಿತ್ತು. ಅದನ್ನು ವಿಂಡೋಸ್‌ಗೆಂದೇ ಮಾಡಿದ ಒಂದು ಇಎಕ್ಸ್‌ಇ ಪ್ರೋಗ್ರಾಂ ಒಳಗಿಟ್ಟು ಹೊಲಿದು, ಹೊರಗೆ ಡಾಂಗಲ್ ಬೀಗ ಹಾಕಿದ್ದಾರೆ. ಪಾಠ ಚೆನ್ನಾಗಿದ್ದಷ್ಟೂ ಬಿಡಲು ಕಷ್ಟ ಜಾಸ್ತಿ. ಕಳಪೆ ಪಾಠ ಆಗಿದ್ದರೆ ಮೇಷ್ಟ್ರು ಯಾವತ್ತೋ ಎಸೆದಿರುತ್ತಿದ್ದರು.

ಮೇಷ್ಟ್ರೇ, ಆ ತಂತ್ರಾಂಶದ ಫೋಲ್ಡರ್ ತೆರೆದು ನೋಡಿ. ಒಳಗೆ ಎಸ್‌ಡಬ್ಲ್ಯುಎಫ್ ಎಂದು ಕೊನೆಯಾಗುವ ಫೈಲುಗಳಿದ್ದರೆ ಅವು ಫ್ಲ್ಯಾಶ್ ಎಂಬ ಹಳೆಯ ಅನಿಮೇಷನ್ ತಂತ್ರಾಂಶದವು. ಫ್ಲ್ಯಾಶ್ 2020ರ ಡಿಸೆಂಬರ್ 31ಕ್ಕೆ ಮುಗಿದಿದೆ, ಆದರೆ ರಫಲ್ ಎಂಬ ಪ್ರೋಗ್ರಾಂನಲ್ಲಿ ಹಳೆಯ ಫ್ಲ್ಯಾಶ್ ಪಾಠಗಳು ಎಷ್ಟೋ ಓಡುತ್ತವೆ.

ಚಳ್ಳಕೆರೆ ಮೇಷ್ಟ್ರು · ಬುಧವಾರ

ನೋಡಿದೆ. ಎಸ್‌ಡಬ್ಲ್ಯುಎಫ್ ಒಂದೂ ಇಲ್ಲ. ‘ಡಿಎಟಿ’ ಎಂದು ಕೊನೆಯಾಗುವ 214 ಫೈಲುಗಳಿವೆ, ಯಾವುದನ್ನು ಒತ್ತಿದರೂ ತೆರೆಯುವುದಿಲ್ಲ. ನಾನು ಎಣಿಸಿದ್ದೂ ಸುಮ್ನೆ ದಂಡ.

ಧಾರವಾಡದ ಡಿಟಿಪಿ ಅಕ್ಕ · ಬುಧವಾರ ರಾತ್ರಿ

ಮೇಷ್ಟ್ರೇ, ನಿಮ್ಮ ನುಡಿ ಫೈಲಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ನಾನು ಹೇಳುತ್ತೇನೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ.

ಹಳೆಯ ನುಡಿ, ಹಳೆಯ ಬರಹ ಇವೆಲ್ಲ ಯುನಿಕೋಡ್, ಅಂದರೆ ಎಲ್ಲ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ವ್ಯವಸ್ಥೆ, ಬಳಕೆಗೆ ಬರುವ ಮುಂಚಿನ ಉಪಾಯ. ಕಂಪ್ಯೂಟರಿಗೆ ಕನ್ನಡ ಗೊತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದರು. ಫಾಂಟ್ ಇದ್ದರೆ ಕನ್ನಡ, ತೆಗೆದರೆ ಬಣ್ಣ ಬಯಲು. ನೀವು ‘ಕನ್ನಡ’ ಎಂದು ಟೈಪ್ ಮಾಡಿದ್ದು ಫೈಲಿನೊಳಗೆ ಒಂದು ಪಿ, ತಲೆ ಮೇಲೆ ಗೆರೆ ಇರುವ ಎ, ಒಂದು ಪೌಂಡ್ ಗುರುತು, ಮತ್ತೆ ಅದೇ ಎ, ಹೀಗೆ ಕೂತಿರುತ್ತದೆ. ಆ ಕಾಲಕ್ಕೆ ಬೇರೆ ದಾರಿ ಇರಲಿಲ್ಲ, ಅವರನ್ನು ಬೈಯುವುದು ತಪ್ಪು. ನುಡಿ ಇಲ್ಲದಿದ್ದರೆ ನಮ್ಮ ಕಚೇರಿಗಳಲ್ಲಿ ಕನ್ನಡವೇ ಇರುತ್ತಿರಲಿಲ್ಲ.

ಈಗ ಮಾಡಬೇಕಾದ್ದು ಇಷ್ಟೇ. ನುಡಿ ಫಾಂಟ್ ಫೈಲುಗಳನ್ನು ಉಬುಂಟುವಿಗೆ ಕಾಪಿ ಮಾಡಿ. ಹಳೆಯ ಪ್ರಶ್ನೆಪತ್ರಿಕೆ ಲಿಬ್ರೆ ಆಫೀಸಿನಲ್ಲಿ ತೆರೆದರೆ ಕಾಣುತ್ತದೆ, ಪ್ರಿಂಟೂ ಬರುತ್ತದೆ. ತಿದ್ದಬೇಕು ಎಂದರೆ ಮಾತ್ರ ಯುನಿಕೋಡ್‌ಗೆ ಬದಲಾಯಿಸಿ, ಅದಕ್ಕೆ ಆನ್‌ಲೈನ್ ಕನ್ವರ್ಟರ್‌ಗಳಿವೆ. ಒಂದು ಎಚ್ಚರಿಕೆ. ನೀವು ಗಣಿತದವರು, ನಡುನಡುವೆ ಎಕ್ಸ್, ವೈ, ಎಬಿಸಿ ತ್ರಿಭುಜ ಇರುತ್ತದೆ. ಕನ್ವರ್ಟರ್‌ಗೆ ಅದು ಇಂಗ್ಲಿಷ್ ಎಂದು ಗೊತ್ತಾಗುವುದಿಲ್ಲ. ಅದನ್ನೂ ಕನ್ನಡ ಮಾಡಿ ಕೂರಿಸುತ್ತದೆ. ಒಂದೊಂದು ಪುಟವನ್ನೂ ಕಣ್ಣಿಟ್ಟು ನೋಡಬೇಕು. ಎಲ್ಲ ಹನ್ನೆರಡು ವರ್ಷದ್ದನ್ನು ಮಾಡಲು ಹೋಗಬೇಡಿ, ಬೇಕಾದದ್ದನ್ನು ಬೇಕಾದಾಗ ಮಾಡಿ.

ಟೈಪಿಂಗ್ ಚಿಂತೆ ಬೇಡ. ಉಬುಂಟುವಿನ ಕೀಬೋರ್ಡ್ ಪಟ್ಟಿಯಲ್ಲಿ ನುಡಿಯಂಥದ್ದೇ ಕೀ ಜೋಡಣೆಯ ಕನ್ನಡ ಕಗಪ ಇದೆ. ಒತ್ತಕ್ಷರಕ್ಕೆ ಎಫ್ ಒತ್ತುವುದು, ಎಲ್ಲಾ ಅದೇ. ನಿಮ್ಮ ಕ್ಲರ್ಕಿಗೆ ಅರ್ಧ ಗಂಟೆ ಸಾಕು.

ನನ್ನನ್ನು ಮಾತ್ರ ಕೇಳಬೇಡಿ. ನಾನು ಇವತ್ತಿಗೂ ಮದುವೆ ಪತ್ರಿಕೆ ಮಾಡುವುದು ಪೇಜ್‌ಮೇಕರ್‌ನಲ್ಲೇ. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ನಾನು ಬಿಟ್ಟರೂ ಅದು ಬಿಡುತ್ತಿಲ್ಲ.

ಚಳ್ಳಕೆರೆ ಮೇಷ್ಟ್ರು · ನಾಲ್ಕು ವಾರದ ನಂತರ

ಬದುಕಿದ್ದೇನೆ. ಏನಾಯಿತು ಎಂದು ಹೇಳಿಬಿಡುತ್ತೇನೆ.

ಎಂಟು ಯಂತ್ರಕ್ಕೆ ಉಬುಂಟು ಹಾಕಿದೆ. ಒಂದು ಆಫೀಸಿನದ್ದು, ಅದು ಹಾಗೇ ಇದೆ. ಕಾರಣ ಆ ಪ್ರಿಂಟರ್. ಎಲ್ಲ ಕಚೇರಿಯಲ್ಲೂ ಇರುತ್ತದಲ್ಲ, ಪುಟ್ಟದೊಂದು ಲೇಸರ್ ಪ್ರಿಂಟರ್, ಅದೇ. ಎರಡು ಭಾನುವಾರ ಕೂತೆ. ಒಂದು ಸಲ ಒಂದು ಹಾಳೆ ಬಂತು, ಕುಣಿದಾಡಿದೆ. ಎರಡನೇ ಹಾಳೆ ಬರಲೇ ಇಲ್ಲ. ಇನ್ನೊಂದು ಯಂತ್ರ ಡಾಂಗಲ್ಲಿನದ್ದು. ಅದರ ಇಂಟರ್ನೆಟ್ ತಂತಿ ಕಿತ್ತಿದ್ದೇನೆ, ಅಪ್‌ಡೇಟ್ ಇಲ್ಲದ ಯಂತ್ರ ಒಂಟಿಯಾಗಿರಲಿ ಎಂದು. ಅದರಲ್ಲೇ ಎನ್‌ವಿಡಿಎ ಹಾಕಿ ಇಟ್ಟಿದ್ದೇನೆ. ಎಂಟನೇ ತರಗತಿಯಲ್ಲಿ ಒಬ್ಬಳು ಹುಡುಗಿಗೆ ದೃಷ್ಟಿ ತುಂಬಾ ಮಂದ. ಇಷ್ಟು ದಿನ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂರುತ್ತಿದ್ದಳು. ‘ಕಿವಿಯಲ್ಲಿ ಓದುವವನು’ ಸರ್, ನಿಮ್ಮನ್ನು ಫೋನಿನಲ್ಲಿ ಕಾಡಿದ್ದಕ್ಕೆ ಕ್ಷಮೆ ಇರಲಿ.

ಮಕ್ಕಳ ಬಗ್ಗೆ ನಾನು ಹೆದರಿದ್ದೇ ಜಾಸ್ತಿ. ಅವರಿಗೆ ಮನೆಯಲ್ಲಿ ಕಂಪ್ಯೂಟರೇ ಇಲ್ಲ, ನೋಡಿರುವುದು ಮೊಬೈಲ್ ಮಾತ್ರ. ವಿಂಡೋಸ್ ಅಭ್ಯಾಸ ಇದ್ದದ್ದು ನಮಗೆ, ಅವರಿಗಲ್ಲ. ಮೊದಲ ದಿನ ಬಂದ ಪ್ರಶ್ನೆ ಒಂದೇ: ‘ಸಾರ್, ಪೇಂಟ್ ಎಲ್ಲಿ?’ ಟಕ್ಸ್ ಪೇಂಟ್ ತೋರಿಸಿದೆ, ಮುಗಿಯಿತು. ಒಂಬತ್ತನೇ ತರಗತಿಯ ಒಬ್ಬ ಜಿಯೋಜೀಬ್ರಾದಲ್ಲಿ ತ್ರಿಭುಜದ ಮೂಲೆ ಹಿಡಿದು ಎಳೆಯುತ್ತಾ ಹೋದ. ಮೂರು ಕೋನದ ಮೊತ್ತ 180 ಬಿಟ್ಟು ಅಲ್ಲಾಡಲಿಲ್ಲ. ಪರದೆಯ ಅಂಚಿನವರೆಗೂ ಎಳೆದ, ತ್ರಿಭುಜ ಕಡ್ಡಿಯಂತಾಯಿತು, ಆದರೂ 180. ‘ಸಾರ್, ಇದು ಕೆಟ್ಟೋಗಿದೆ’ ಅಂದ. ಡಾಂಗಲ್ ಪಾಠದಲ್ಲಿ ಅದೇ ವಿಷಯವನ್ನು ಒಂದು ಹೆಣ್ಣು ದನಿ ಬಹಳ ಚೆನ್ನಾಗಿ ಹೇಳುತ್ತದೆ. ಆದರೆ ಅಲ್ಲಿ ಮೂಲೆ ಹಿಡಿದು ಎಳೆಯಲು ಆಗುವುದಿಲ್ಲ.

ಸೋತದ್ದೂ ಹೇಳಬೇಕು. ವಿಜ್ಞಾನದ ಮೇಡಂ ಇನ್ನೂ ಡಾಂಗಲ್ ಯಂತ್ರವನ್ನೇ ಕೇಳುತ್ತಾರೆ. ಕನ್ನಡದಲ್ಲಿ ಅಷ್ಟು ಒಪ್ಪವಾಗಿ ಜೋಡಿಸಿದ ವಿಜ್ಞಾನ ಪಾಠ ಬಿಡಿಬಿಡಿಯಾಗಿ ಹುಡುಕಲು ಅವರಿಗೆ ಪುರುಸೊತ್ತಿಲ್ಲ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ವಿಕಿ ತೋರಿಸಿದೆ. ‘ಚೆನ್ನಾಗಿದೆ ಸರ್, ಆದರೆ ನಾಳೆ ಎರಡನೇ ಪೀರಿಯಡ್‌ಗೆ ನನಗೆ ರೆಡಿ ಇರಬೇಕು’ ಎಂದರು. ಅವರ ಮಾತಿನಲ್ಲೂ ತಪ್ಪಿಲ್ಲ.

ದಾವಣಗೆರೆ ರಿಪೇರಿ · ಅದೇ ದಿನ

ಪ್ರಿಂಟರ್ ಯಾವುದು ಎಂದು ಗೊತ್ತಾಯಿತು ಬಿಡಿ! ನನ್ನ ಅಂಗಡಿಯಲ್ಲೇ ಮೂರು ಇವೆ. ಮುಂದಿನ ಸಲ ಕೊಳ್ಳುವಾಗ ಲಿನಕ್ಸ್‌ಗೆ ಡ್ರೈವರ್ ಇದೆಯಾ ಎಂದು ಪೆಟ್ಟಿಗೆ ಒಡೆಯುವ ಮುಂಚೆ ಕೇಳಿ.

ಚಳ್ಳಕೆರೆ ಮೇಷ್ಟ್ರು · ಎರಡು ದಿನದ ನಂತರ

ಕೇಳುವ ಸಂದರ್ಭ ಬಂದೇ ಬಂತು. ಹಳೆಯ ವಿದ್ಯಾರ್ಥಿಗಳು ಸೇರಿ ಹೊಸ ಸ್ಮಾರ್ಟ್ ಬೋರ್ಡ್ ಕೊಡಿಸುತ್ತಾರಂತೆ. ಜೊತೆಗೆ ಮೂರು ವರ್ಷದ ಪಾಠದ ಚಂದಾ. ಮಾರುವ ಕಂಪನಿಯ ಹುಡುಗ ಫೋನ್ ಮಾಡಿದ್ದ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಎನ್ನುತ್ತಾರೆ, ಆದರೂ ನೋಡಿದೆ. ಮೂರು ವರ್ಷ ಆದ ಮೇಲೆ ಪಾಠ ತೆರೆಯುತ್ತದಾ? ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಬಹುದಾ? ನಮ್ಮ ಉಬುಂಟು ಯಂತ್ರಗಳಲ್ಲಿ ಓಡುತ್ತದಾ? ನಿಮ್ಮ ಕಂಪನಿ ಮುಚ್ಚಿದರೆ?

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಸರ್, ಇದುವರೆಗೂ ಯಾವ ಸ್ಕೂಲಿನವರೂ ಇದನ್ನು ಕೇಳಿಲ್ಲ. ಬೋರ್ಡಿನ ಇಂಚು ಎಷ್ಟು ಎಂದಷ್ಟೇ ಕೇಳುತ್ತಾರೆ. ಆಫೀಸಿನಲ್ಲಿ ವಿಚಾರಿಸಿ ಹೇಳುತ್ತೇನೆ’ ಎಂದ.

ಡೆಬಿಟ್ ಕ್ರೆಡಿಟ್ · ಅದೇ ದಿನ

ಮೇಷ್ಟ್ರೇ, ಬಾಯಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ನಾಲ್ಕು ಪ್ರಶ್ನೆಯನ್ನೂ ಶಾಲೆಯ ಲೆಟರ್‌ಹೆಡ್‌ನಲ್ಲಿ ಬರೆದು ಕಳಿಸಿ, ಉತ್ತರವನ್ನೂ ಬರಹದಲ್ಲೇ ತೆಗೆದುಕೊಳ್ಳಿ. ಈ ಸಲ ಎಸ್‌ಡಿಎಂಸಿ ನಡಾವಳಿಯಲ್ಲೂ ಬರೆಸಿ.

ಚಳ್ಳಕೆರೆ ಮೇಷ್ಟ್ರು · ಅದೇ ದಿನ ರಾತ್ರಿ

ಪತ್ರ ಟೈಪ್ ಮಾಡಿದೆ. ಯುನಿಕೋಡ್‌ನಲ್ಲಿ. ಈಗ ಪ್ರಿಂಟ್ ತೆಗೆಯಲು ಪೆನ್‌ಡ್ರೈವ್ ಹಿಡಿದುಕೊಂಡು ಆಫೀಸಿನ ವಿಂಡೋಸ್ ಕಂಪ್ಯೂಟರಿಗೆ ಹೋಗಬೇಕು. ನಾಳೆ ಹತ್ತು ಗಂಟೆಗೆ ಕ್ಲರ್ಕ್ ಬಂದ ಮೇಲೆ.